ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದ ಮೇಲೆ: ಎಲುಬು ಮುರಿದವರ, ಗಂಟು ನೋವಿನವರ ಆರೈಕೆ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಎಲುಬಿನ ವಾರ್ಡಿಗೂ ಸೀಸನ್ ಶುರು. ಅಂಗಳದ ಹಾವಸೆಯಲ್ಲಿ ಜಾರಿದ ಅಜ್ಜಿಯಂದಿರು, ಬೋರ್ಡೋ ಮದ್ದು ಹೊಡೆಯಲು ಹೋಗಿ ಅಡಿಕೆ ಮರದಿಂದ ಬಿದ್ದವರು, ನೀರು ತುಂಬಿದ ಹೊಂಡಕ್ಕೆ ಸ್ಕೂಟರ್ ಇಳಿಸಿ ಮಣಿಕಟ್ಟು ಮುರಿದುಕೊಂಡವರು. ಮಂಗಳೂರಿನಲ್ಲಿ ನಾನು ನರ್ಸ್ ಆಗಿ ಹೆಚ್ಚು ವರ್ಷ ಕಳೆದದ್ದು ಇದೇ ವಾರ್ಡಿನಲ್ಲಿ. ಡಿಸ್ಚಾರ್ಜ್ ಆಗುವಾಗ ಮನೆಯವರು ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಎಲುಬು ಯಾವಾಗ ಕೂಡುತ್ತದೆ?"

ಎಲುಬು ತನ್ನಷ್ಟಕ್ಕೆ ಕೂಡುತ್ತದೆ. ಮಕ್ಕಳಿಗೆ ಮೂರರಿಂದ ಆರು ವಾರ, ದೊಡ್ಡವರ ಕೈಗೆ ಆರರಿಂದ ಎಂಟು ವಾರ, ಕಾಲಿನ ದೊಡ್ಡ ಎಲುಬಿಗೆ ಮೂರು ತಿಂಗಳು ಅಥವಾ ಜಾಸ್ತಿ. ಅಷ್ಟು ದಿನ ಚರ್ಮ ಹುಣ್ಣಾಗದಂತೆ, ರಕ್ತ ಕಟ್ಟದಂತೆ, ಕೀಲು ಹಿಡಿಯದಂತೆ, ಹೊಟ್ಟೆ ಕೆಡದಂತೆ ನೋಡಿಕೊಳ್ಳಬೇಕಲ್ಲ, ಆ ಕೆಲಸ ನಿಮ್ಮದು. ನಾನು ಕಂಡ ಹಾಗೆ, ಮನೆಗೆ ಹೋದವರು ತಿರುಗಿ ಆಸ್ಪತ್ರೆಗೆ ಬರುವುದು ಹೆಚ್ಚಾಗಿ ಈ ಕಾರಣಗಳಿಗೇ.

ಬಿದ್ದ ಕೂಡಲೇ

ಮೊದಲು, ಎತ್ತಲು ಓಡಬೇಡಿ. ನಮ್ಮಲ್ಲಿ ಯಾರಾದರೂ ಬಿದ್ದರೆ ನಾಲ್ಕು ಜನ ಸೇರಿ ರಟ್ಟೆ ಹಿಡಿದು ನಿಲ್ಲಿಸುವುದೇ ರೂಢಿ. ಅರ್ಧ ನಿಮಿಷ ನಿಂತು ನೋಡಿ. ವಯಸ್ಸಾದವರ ಒಂದು ಕಾಲು ಗಿಡ್ಡವಾದಂತೆ ಕಂಡು, ಪಾದ ಹೊರಗೆ ತಿರುಗಿ ಮಲಗಿದ್ದರೆ ಸೊಂಟದ ಹತ್ತಿರ ತೊಡೆ ಎಲುಬು ಮುರಿದಿರುವ ಸಾಧ್ಯತೆ ಹೆಚ್ಚು. ಅವರನ್ನು ನಿಲ್ಲಿಸಬೇಡಿ, ನಡೆಸಬೇಡಿ.

ಮರದಿಂದ ಬಿದ್ದವರ ವಿಷಯ ಇನ್ನೂ ಸೂಕ್ಷ್ಮ. ಬೆನ್ನು ಅಥವಾ ಕುತ್ತಿಗೆಯ ಎಲುಬು ಮುರಿದಿದ್ದರೆ, ಕುರ್ಚಿಯಲ್ಲಿ ಕೂರಿಸಿ ರಿಕ್ಷಾಕ್ಕೆ ತುಂಬಿಸುವಾಗಲೇ ನರಕ್ಕೆ ಪೆಟ್ಟಾಗಬಹುದು. 108ಕ್ಕೆ ಫೋನ್ ಮಾಡಿ. ತೋಟದ ಒಳಗೆ ಆಂಬುಲೆನ್ಸ್ ಬರುವುದಿಲ್ಲ, ಹೊತ್ತು ತರಲೇಬೇಕು ಎಂದಾದರೆ ಹಲಗೆಯ ಮೇಲೆ ತನ್ನಿ. ತಲೆ, ಬೆನ್ನು, ಸೊಂಟ ಒಂದೇ ಮರದ ದಿಮ್ಮಿಯಂತೆ ಒಟ್ಟಿಗೆ ತಿರುಗಬೇಕು. ಒಬ್ಬರು ತಲೆ ಮಾತ್ರ ಹಿಡಿದುಕೊಳ್ಳಿ.

ಕೈಯೋ ಕೆಳಗಾಲೋ ಆದರೆ ಅಲುಗಾಡದಂತೆ ಕಟ್ಟಿ. ಮನೆಯಲ್ಲಿ ಒಣ ಅಡಿಕೆ ಹಾಳೆ ಇದ್ದರೆ ಅದಕ್ಕಿಂತ ಒಳ್ಳೆಯ ಆಧಾರ ಬೇಡ. ಹಗುರ, ಗಟ್ಟಿ, ಕೈಯ ಆಕಾರಕ್ಕೆ ಬಾಗುತ್ತದೆ. ಒಳಗೆ ಬೈರಾಸು (ಟವೆಲ್) ಮಡಚಿ ಇಡಿ. ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಅಲುಗದಂತೆ, ಆದರೆ ಬಿಗಿಯಾಗದಂತೆ ಕಟ್ಟಿ. ಸೊಟ್ಟಗಾದದ್ದನ್ನು ಎಳೆದು ನೆಟ್ಟಗೆ ಮಾಡಲು ಹೋಗಬೇಡಿ. ಎಲುಬು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ. ಶುಭ್ರ ಬಟ್ಟೆ ಮುಚ್ಚಿ ಹೊರಡಿ. ಅರಿಶಿನವೂ ಬೇಡ, ಕಾಫಿ ಪುಡಿಯೂ ಬೇಡ.

ಉಂಗುರ, ಬಳೆ, ಕಾಲುಂಗುರ ಕೂಡಲೇ ತೆಗೆಯಿರಿ. ಎಲ್ಲರೂ ಮರೆಯುವುದು ಇದನ್ನೇ. ಒಂದು ಗಂಟೆ ಕಳೆದರೆ ಬೆರಳು ಬಾತು ಉಂಗುರ ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಕತ್ತರಿಸುವುದೇ ದಾರಿ. ಮದುವೆ ಉಂಗುರ ಕತ್ತರಿಸುವಾಗ ಎಲುಬಿನ ನೋವಿಗೆ ಅಳದವರೂ ಅಳುತ್ತಾರೆ. ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಮೊದಲೇ ಜಾರಿಸಿಬಿಡಿ.

ದಾರಿಯಲ್ಲಿ ಕಾಫಿ, ಬೊಂಡ (ಎಳನೀರು) ಕೊಡಬೇಡಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ರೇಷನ್ ಕಾರ್ಡ್, ಆಧಾರ್, ದಿನಾ ತಿನ್ನುವ ಮಾತ್ರೆಗಳ ಚೀಟಿ ಚೀಲಕ್ಕೆ ಹಾಕಿಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಾದರೆ ಅದನ್ನು ಮೊದಲೇ ಹೇಳಿ.

ಇನ್ನು ಎಲುಬು ಕಟ್ಟುವ ನಾಟಿ ವೈದ್ಯರ ಮಾತು. ಅವರನ್ನು ನಂಬುವವರ ಹತ್ತಿರ ಜಗಳಕ್ಕೆ ನಾನು ಹೋಗುವುದಿಲ್ಲ. ಎಕ್ಸ್‌ರೇ ತೆಗೆಯದೆ ಕಟ್ಟಿಸಿಕೊಳ್ಳಬೇಡಿ ಎಂದಷ್ಟೇ ಹೇಳುತ್ತೇನೆ. ಹೊಸ ಪೆಟ್ಟಿಗೆ ಎಣ್ಣೆ ಹಾಕಿ ತಿಕ್ಕುವುದಂತೂ ಬೇಡವೇ ಬೇಡ, ಅದರಲ್ಲೂ ಮೊಣಕೈಗೆ. ತಿಕ್ಕಿ ತಿಕ್ಕಿ ಮಾಂಸದ ಒಳಗೇ ಎಲುಬು ಬೆಳೆದು ಕೈ ಮಡಚಲಾಗದ ಮಕ್ಕಳನ್ನು ನೋಡಿದ್ದೇನೆ. ಬಿದಿರಿನ ಚಕ್ಕೆಯ ಬಿಗಿ ಕಟ್ಟಿಗೆ ರಕ್ತ ನಿಂತು ಬೆರಳು ಕಪ್ಪಾದದ್ದನ್ನೂ ನೋಡಿದ್ದೇನೆ.

ಪ್ಲಾಸ್ಟರ್‌ನ ಮೊದಲ ಎರಡು ದಿನ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಬಿಳಿ ಪ್ಲಾಸ್ಟರ್ ಹಾಕುವಾಗ ಬಿಸಿಯಾಗುತ್ತದೆ. ಹೆದರಬೇಡಿ, ಅದು ಗಟ್ಟಿಯಾಗುವ ಲಕ್ಷಣ. ಕೆಲವೇ ನಿಮಿಷದಲ್ಲಿ ಗಟ್ಟಿಯಾದರೂ ಒಳಗಿನ ತೇವ ಪೂರ್ತಿ ಒಣಗಲು ಎರಡು ದಿನ ಬೇಕು. ನಮ್ಮ ಮಳೆಗಾಲದಲ್ಲಿ, ಹಗ್ಗಕ್ಕೆ ಹಾಕಿದ ಲುಂಗಿಯೇ ಮೂರು ದಿನ ಒಣಗದ ಊರಿನಲ್ಲಿ, ಮೂರು ದಿನ ಎಂದೇ ಲೆಕ್ಕ ಹಾಕಿ. ಅಲ್ಲಿಯವರೆಗೆ ಅಂಗೈಯಲ್ಲಿ ಆಧಾರ ಕೊಟ್ಟು ಎತ್ತಿ. ಬೆರಳ ತುದಿ ಒತ್ತಿದರೆ ಒಳಗೆ ಗುಳಿ ಬಿದ್ದು ಅಲ್ಲೇ ಚರ್ಮ ಹುಣ್ಣಾಗುತ್ತದೆ. ಫ್ಯಾನಿನ ಗಾಳಿಗೆ ತೆರೆದಿಡಿ, ಕಂಬಳಿ ಹೊದೆಸಬೇಡಿ. ಬೇಗ ಒಣಗಲಿ ಎಂದು ಬಚ್ಚಲ ಒಲೆಯ ಮುಂದೆ ಕೂರಿಸುವವರಿದ್ದಾರೆ. ಹಾಗೆ ಮಾಡಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಚರ್ಮವೂ ಸುಡಬಹುದು. ಫೈಬರ್ ಪ್ಲಾಸ್ಟರ್‌ಗೆ ಈ ರಗಳೆ ಇಲ್ಲ, ಅರ್ಧ ಗಂಟೆಯಲ್ಲಿ ಗಟ್ಟಿ.

ಕೈಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಡಿ. ಕಾಲಾದರೆ ಮಲಗಿ ಎರಡು ದಿಂಬು ಕೊಡಿ. ಈಜಿಚೇರ್‌ನಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚಿದರೆ ಸಾಲದು, ಅದು ಎದೆಗಿಂತ ಕೆಳಗೇ ಇರುತ್ತದೆ ಅಲ್ವಾ. ಕೈಗೆ ಜೋಳಿಗೆ ಹಾಕಿದ್ದರೆ ಅಂಗೈ ಮೊಣಕೈಗಿಂತ ಸ್ವಲ್ಪ ಎತ್ತರದಲ್ಲಿರಲಿ.

ಇನ್ನು ಕಾವಲು. ಮೊದಲ ದಿನ ಗಂಟೆಗೊಮ್ಮೆ, ರಾತ್ರಿ ಎಚ್ಚರಾದಾಗಲೆಲ್ಲ ಹೀಗೆ ನೋಡಿ:

1. ಉಗುರನ್ನು ಒತ್ತಿ ಬಿಡಿ. ಬಿಳಿಯಾದದ್ದು 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು.
2. ಮುಟ್ಟಿ ನೋಡಿ. ಇನ್ನೊಂದು ಕೈಯಷ್ಟೇ ಬೆಚ್ಚಗಿದೆಯೇ?
3. ಬೆರಳು ಆಡಿಸಲು ಹೇಳಿ.
4. ಕಣ್ಣು ಮುಚ್ಚಿಸಿ, ಯಾವ ಬೆರಳು ಮುಟ್ಟಿದ್ದು ಎಂದು ಕೇಳಿ. ಮರಗಟ್ಟಿದ್ದರೆ ಗೊತ್ತಾಗುತ್ತದೆ.
5. ಬೆರಳನ್ನು ನೀವೇ ಮೆಲ್ಲ ನೆಟ್ಟಗೆ ಮಾಡಿ. ತಡೆಯಲಾರದ ನೋವಿದ್ದರೆ ಅದು ಅಪಾಯದ ಸೂಚನೆ.

ಈ ಐದನೆಯದನ್ನು ಮಾತ್ರ ಮರೆಯಬೇಡಿ. ಒಳಗೆ ಬಾವು ಏರಿ, ಜಾಗವಿಲ್ಲದೆ ಒತ್ತಡ ಹೆಚ್ಚಿದರೆ ಮಾಂಸಕ್ಕೆ ರಕ್ತ ಹೋಗುವುದಿಲ್ಲ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಆರು ಗಂಟೆ ಕಳೆಯುವಷ್ಟರಲ್ಲಿ ಆ ಮಾಂಸ ಸಾಯಲು ತೊಡಗುತ್ತದೆ. ಮಾತ್ರೆಗೂ ಬಗ್ಗದ, ಕ್ಷಣಕ್ಷಣಕ್ಕೂ ಏರುವ ನೋವು ಇದರ ಮೊದಲ ಲಕ್ಷಣ. ಬೆರಳು ತಣ್ಣಗಾಗಿ ಬಿಳಿಚಿಕೊಳ್ಳುವುದು ಕೊನೆಗೆ. ಅಲ್ಲಿವರೆಗೆ ಕಾದರೆ ಹೊತ್ತು ಮೀರಿರುತ್ತದೆ. "ಬೆಳಿಗ್ಗೆ ನೋಡುವ" ಎಂದು ಇನ್ನೊಂದು ನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ. ಅನುಮಾನ ಬಂದರೆ ಕೈಕಾಲನ್ನು ಎದೆಯ ಮಟ್ಟಕ್ಕೆ ಇಳಿಸಿ, ರಾತ್ರಿ ಎರಡು ಗಂಟೆಯಾದರೂ ಹೊರಡಿ. ಡ್ಯೂಟಿಯಲ್ಲಿದ್ದವರು ಗದರಿಸಿದರೆ ಗದರಿಸಲಿ. ಸುಮ್ನೆ ಬಂದು ಹೋದವರನ್ನು ನೋಡಿ ನಮಗೆ ಸಮಾಧಾನವೇ.

ಆಮೇಲಿನ ದಿನಗಳು ಸುಲಭ. ತುರಿಸುತ್ತದೆ, ತಡೆಯಬೇಕು. ಒಳಗೆ ತೆಂಗಿನ ಕಡ್ಡಿ, ಸ್ಕೇಲು, ಹೆಣಿಗೆ ಕಡ್ಡಿ ಹಾಕಿದವರ ಚರ್ಮ ಗೀರಿ ಒಳಗೇ ಕೀವಾಗುತ್ತದೆ. ಪ್ಲಾಸ್ಟರ್ ಬಿಚ್ಚಿದಾಗ ಪೆನ್ನಿನ ಮುಚ್ಚಳ ಸಿಕ್ಕಿದ್ದೂ ಉಂಟು. ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಬಿಡಬಹುದು. ಸ್ನಾನಕ್ಕೆ ಎರಡು ಪ್ಲಾಸ್ಟಿಕ್ ಚೀಲ ಕಟ್ಟಿ, ಆ ಕೈಕಾಲನ್ನು ನೀರಿನಿಂದ ಹೊರಗಿಡಿ. ಮಕ್ಕಳ ಪ್ಲಾಸ್ಟರ್ ಒಳಗೆ ಬಿಸ್ಕಿಟ್ ಪುಡಿ ಬಿದ್ದರೆ ಇರುವೆ ಬರುತ್ತದೆ, ತಿನ್ನುವಾಗ ಬಟ್ಟೆ ಮುಚ್ಚಿ.

ಒಂದೇ ಜಾಗದಲ್ಲಿ ಉರಿ ಉರಿ ಎನ್ನುತ್ತಿದ್ದವರು ಎರಡು ದಿನ ಕಳೆದು "ಈಗ ಉರಿ ಇಲ್ಲ" ಎಂದರೆ ಖುಷಿಪಡಬೇಡಿ. ಅಲ್ಲಿನ ಚರ್ಮ ಸತ್ತು ನೋವು ನಿಂತಿರಬಹುದು. ಕೆಟ್ಟ ವಾಸನೆ, ಕಲೆ, ಜ್ವರ ಕಂಡರೂ ತೋರಿಸಿ.

ಪ್ಲಾಸ್ಟರ್ ಹಾಕದ ಕೀಲುಗಳನ್ನು ಆಡಿಸುತ್ತಲೇ ಇರಬೇಕು. ಮಣಿಕಟ್ಟು ಮುರಿದ ಅಮ್ಮಂದಿರು ಕೈಯನ್ನು ಎದೆಗೆ ಅವುಚಿಕೊಂಡು ಆರು ವಾರ ಕೂತು, ಮಣಿಕಟ್ಟು ವಾಸಿಯಾಗಿ ಭುಜ ಹಿಡಿದುಕೊಂಡು ಬರುತ್ತಾರೆ. ಬೆರಳು, ಮೊಣಕೈ, ಭುಜ ದಿನಕ್ಕೆ ನಾಲ್ಕೈದು ಸಲ ಪೂರ್ತಿ ಆಡಲಿ.

ಸೊಂಟ ಮುರಿದ ಹಿರಿಯರು

ಇದರ ಆಪರೇಷನ್ ಆದಷ್ಟು ಬೇಗ, ಸಾಧ್ಯವಾದರೆ 48 ಗಂಟೆಯೊಳಗೆ ಆಗುವುದು ಒಳ್ಳೆಯದು. "ಎಂಬತ್ತು ವರ್ಷ ಆಯ್ತು, ಇನ್ನು ಯಾಕೆ ಆಪರೇಷನ್" ಎಂದು ಹಾಸಿಗೆಗೆ ಹಾಕುವ ಮನೆಗಳಿವೆ. ಆಪರೇಷನ್‌ಗಿಂತ ಆ ಹಾಸಿಗೆಯೇ ಹೆಚ್ಚು ಅಪಾಯ. ನಾನು ಹೇಳುವ ಮಾತು ಕಠಿಣ ಅನ್ನಿಸಿದರೂ ಇದೇ.

ಮನೆಗೆ ಕರಕೊಂಡು ಬರುವ ಮೊದಲು ಮನೆ ತಯಾರಾಗಬೇಕು. ಮಾಳಿಗೆ ಬೇಡ, ಚಾವಡಿಯಲ್ಲೋ ಕೆಳಗಿನ ಕೋಣೆಯಲ್ಲೋ ಮಂಚ ಹಾಕಿ. ಹಳೆ ಹಂಚಿನ ಮನೆಗಳ ಎತ್ತರದ ಹೊಸ್ತಿಲಿಗೆ ವಾಕರ್ ತಾಗುತ್ತದೆ, ಹಾದಿ ನೋಡಿಕೊಳ್ಳಿ. ಬಚ್ಚಲು ಹೊರಗಿದ್ದರೆ ರಾತ್ರಿಗೆ ಕಮೋಡ್ ಕುರ್ಚಿ ಬೇಕೇ ಬೇಕು. ಅಂಗಳದ ಹಾವಸೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೆಗೆಯಿರಿ. ಒಂದು ಸಲ ಜಾರಿದವರು ಅದೇ ಅಂಗಳದಲ್ಲಿ ಎರಡನೆಯ ಸಲ ಜಾರಿ ಬಂದದ್ದು ಉಂಟು.

ಡಿಸ್ಚಾರ್ಜ್ ದಿನ ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ: ಹಾಕಿದ್ದು ರಾಡ್-ಸ್ಕ್ರೂವೇ, ಹೊಸ ಕೀಲೇ? ಕಾಲು ಎಷ್ಟು ಊರಬಹುದು? ಇವೆರಡರ ಮೇಲೆ ನಿಯಮ ಬದಲಾಗುತ್ತದೆ. ಹಿಂಬದಿಯಿಂದ ಹೊಸ ಕೀಲು ಹಾಕಿದ್ದರೆ, ಡಾಕ್ಟರ್ ಬೇರೆ ಹೇಳುವವರೆಗೆ ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು, ಸೊಂಟವನ್ನು 90 ಡಿಗ್ರಿಗಿಂತ ಮಡಚಬಾರದು. ಅಂದರೆ ಮಣೆಯ ಮೇಲೆ ಕೂರುವುದು, ಬಗ್ಗಿ ಚಪ್ಪಲಿ ಹೆಕ್ಕುವುದು, ಊರ ಪಾಯಿಖಾನೆಯಲ್ಲಿ ಕುಕ್ಕರಗಾಲು ಎಲ್ಲ ಬಂದ್. ಮಗ್ಗುಲಾಗುವಾಗ ಎರಡು ಕಾಲಿನ ನಡುವೆ ದಿಂಬು ಇರಲಿ. ಮರೆತರೆ ಹೊಸ ಕೀಲು ತಪ್ಪಿ ಹೊರಗೆ ಬರಬಹುದು.

ಹಾಸಿಗೆ ಹುಣ್ಣಿನ ಬಗ್ಗೆ ನನ್ನದೇ ಒಂದು ತಪ್ಪು ಹೇಳುತ್ತೇನೆ. ನನ್ನ ಅಮ್ಮ ಬಿದ್ದು ಮಲಗಿದ್ದಾಗ ದಿನಾ ಬೆನ್ನು ನೋಡಿದೆ, ಹಿಮ್ಮಡಿ ನೋಡಲಿಲ್ಲ. ಹದಿನೈದನೆಯ ದಿನ ಕಾಲುಚೀಲ ತೆಗೆದಾಗ ಹಿಮ್ಮಡಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಲುಬಿಗಿಂತ ಆ ಹುಣ್ಣೇ ಜಾಸ್ತಿ ದಿನ ತೆಗೆದುಕೊಂಡಿತು. ಅದಕ್ಕೇ ಹೇಳುವುದು, ದಿಂಬನ್ನು ಮೀನಖಂಡದ ಉದ್ದಕ್ಕೆ ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ವಾರೆಯಾಗಿ ಮಲಗಿಸಿದರೂ ಸಾಕು. ಬೆನ್ನಿನ ಕೆಳಗೆ, ಸೊಂಟದ ಬದಿ, ಹಿಮ್ಮಡಿ ದಿನಾ ನೋಡಿ. ಕೆಂಪಾದ ಜಾಗ ಒತ್ತಿದರೂ ಬಿಳಿಯಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಅಲ್ಲಿ ತಿಕ್ಕಬೇಡಿ, ಭಾರ ಬೀಳದಂತೆ ಮಾಡಿ. ನಡುವೆ ತೂತಿರುವ ಟ್ಯೂಬ್ ದಿಂಬು ಬೇಡ. ಗಾಳಿ ಹಾಸಿಗೆ ಬಾಡಿಗೆಗೂ ಸಿಗುತ್ತದೆ, ಒಳ್ಳೆಯದು. ಆದರೆ ಅದು ಬಂತೆಂದು ತಿರುಗಿಸುವುದನ್ನು ಬಿಡಬಾರದು. ಹಾಸಿಗೆಯಲ್ಲಿ ಮೇಲಕ್ಕೆ ಸರಿಸುವಾಗ ಎಳೆಯಬೇಡಿ. ಕೆಳಗೆ ಮಡಚಿದ ಬೆಡ್‌ಶೀಟ್ ಹಾಕಿ, ಇಬ್ಬರು ಎರಡು ಬದಿ ಹಿಡಿದು ಎತ್ತಿ ಸರಿಸಿ.

ಹಿರಿಯರು ಒಂದು ಕಳ್ಳತನ ಮಾಡುತ್ತಾರೆ. ಬೆಡ್‌ಪ್ಯಾನ್ ಕೇಳಲು ನಾಚಿಕೆಯಾಗಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಸೊಸೆಗೆ ತೊಂದರೆ ಕೊಡುವುದು ಯಾಕೆ ಎಂದು ಅತ್ತೆ, ಮಗನ ಎದುರು ಹೇಗೆ ಎಂದು ಅಮ್ಮ. ಅದರ ಜೊತೆಗೆ ಟ್ರಮಡಾಲ್‌ನಂಥ ನೋವಿನ ಮಾತ್ರೆ ಮಲ ಕಟ್ಟಿಸುತ್ತದೆ. ನಾಲ್ಕು ದಿನದಲ್ಲಿ ಹೊಟ್ಟೆ ಉಬ್ಬರ, ಉರಿಮೂತ್ರ, ರಾತ್ರಿ ಅರ್ಥವಿಲ್ಲದ ಮಾತು. ಆದ್ದರಿಂದ ನೀವಾಗಿಯೇ ಕೇಳಿ, ಬಾಗಿಲಿಗೆ ಪರದೆ ಕಟ್ಟಿ, ಬೇರೆಯವರನ್ನು ಹೊರಗೆ ಕಳಿಸಿ. ಗಂಜಿ ತಿಳಿ, ಮಜ್ಜಿಗೆ, ನೀರು ಎದುರಿಗೇ ಇರಲಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಕಡಿಮೆ ಮಾಡಲು ಹೇಳಿದ್ದರೆ ಮಾತ್ರ ಆ ಲೆಕ್ಕ ಬೇರೆ.

ರಾತ್ರಿ ಗೊಂದಲಕ್ಕೆ ಬಿದ್ದು ಸತ್ತವರನ್ನು ಕರೆಯತೊಡಗಿದರೆ "ಮರುಳು ಹಿಡಿಯಿತು" ಎಂದು ಬಿಡಬೇಡಿ. ಸೋಂಕು, ನೀರಿನ ಕೊರತೆ, ನೋವು, ಮಾತ್ರೆ, ಯಾವುದೂ ಕಾರಣವಿರಬಹುದು. ಡಾಕ್ಟರಿಗೆ ತಿಳಿಸಿ. ಕನ್ನಡಕ, ಕಿವಿಯ ಮೆಷಿನ್ ಹಾಕಿಸಿ, ಸಣ್ಣ ದೀಪ ಇಡಿ. ತುಳುವೋ ಕೊಂಕಣಿಯೋ ಬ್ಯಾರಿಯೋ, ಅವರು ಬಾಲ್ಯದಿಂದ ಆಡಿದ ಭಾಷೆಯಲ್ಲೇ ಮಾತಾಡಿ. ವಾರ್ಡಿನಲ್ಲಿ ಕಿರುಚುತ್ತಿದ್ದ ಅಜ್ಜರೊಬ್ಬರು ತುಳುವಿನಲ್ಲಿ "ವನಸ್ ಆಂಡಾ?" (ಊಟ ಆಯಿತಾ?) ಎಂದು ಕೇಳಿದ ಕೂಡಲೇ ಸುಮ್ಮನಾದದ್ದು ನನಗೆ ಈಗಲೂ ನೆನಪಿದೆ.

ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಲಿ. ಕಾಲಿನ ರಕ್ತ ಹೆಪ್ಪುಗಟ್ಟದಿರಲು ಇದು ಬೇಕು. ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಕೊಟ್ಟಿದ್ದರೆ ದಿನ ತಪ್ಪಿಸಬೇಡಿ, ಚುಚ್ಚಿದ ಜಾಗ ಉಜ್ಜಬೇಡಿ. ಒಂದೇ ಮೀನಖಂಡ ಬಾತು ನೋಯುತ್ತಿದ್ದರೆ ಅದೇ ದಿನ ತೋರಿಸಿ, ತಿಕ್ಕಬೇಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯದೆ 108.

ಮಂಡಿ ಕೀಲು ಬದಲಿಸಿದವರಿಗೆ ಒಂದೇ ಮಾತು. ಮಂಡಿಯ ಕೆಳಗೆ ದಿಂಬು ಇಡಬೇಡಿ. ಹಿತ ಅನ್ನಿಸುತ್ತದೆ, ಆದರೆ ಮಂಡಿ ಬಗ್ಗಿದಲ್ಲೇ ಹಿಡಿಯುತ್ತದೆ. ದಿಂಬು ಪಾದದ ಬುಡಕ್ಕೆ ಹೋಗಲಿ.

ನಡೆಸುವುದು

ವಾಕರ್‌ನ ಹಿಡಿ, ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಎತ್ತರಕ್ಕೆ ಇರಲಿ. ಮೊದಲು ವಾಕರ್, ಆಮೇಲೆ ನೋವಿನ ಕಾಲು, ಆಮೇಲೆ ಒಳ್ಳೆಯ ಕಾಲು. ಕಂಕುಳ ಕೋಲಾದರೆ ಅದರ ತುದಿಗೂ ಕಂಕುಳಿಗೂ ಎರಡು ಮೂರು ಬೆರಳು ಜಾಗ ಇರಬೇಕು, ಭಾರ ಅಂಗೈ ಮೇಲೆ. ಕಂಕುಳಲ್ಲಿ ನೇತಾಡಿದರೆ ನರಕ್ಕೆ ಪೆಟ್ಟಾಗಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಸಮನೆಲದಲ್ಲಿ ನಡೆಸುವಾಗ ನೀವು ನೋವಿನ ಬದಿಯಲ್ಲಿ, ಒಂದು ಹೆಜ್ಜೆ ಹಿಂದೆ ನಿಲ್ಲಿ. ರಟ್ಟೆ ಎಳೆಯಬೇಡಿ, ಸೊಂಟ ಹಿಡಿಯಿರಿ. ಕೋಲಿನ ರಬ್ಬರ್ ಸವೆದರೆ ಹೊಸದು ಹಾಕಿಸಿ. ನಮ್ಮ ರೆಡ್‌ಆಕ್ಸೈಡ್ ನೆಲ ಒದ್ದೆಯಾದರೆ ಗಾಜು.

ಊಟ, ಮತ್ತು 'ನಂಜು'

ನಮ್ಮ ಕಡೆ ಗಾಯವಾದವರಿಗೆ ಮೀನು ನಂಜು, ಮೊಟ್ಟೆ ನಂಜು, ಬದನೆ ನಂಜು. ಕೊನೆಗೆ ಉಳಿಯುವುದು ಗಂಜಿ, ಉಪ್ಪಿನಕಾಯಿ. ಎಲುಬು, ಗಾಯ ಎರಡೂ ಕೂಡಲು ಪ್ರೋಟೀನ್ ಬೇಕಾಗುವ ಹೊತ್ತಿನಲ್ಲೇ ಅದನ್ನು ಕಿತ್ತುಕೊಂಡ ಹಾಗೆ. ಅಲರ್ಜಿ ಇಲ್ಲದಿದ್ದರೆ ಮೀನು, ಮೊಟ್ಟೆ ಧಾರಾಳ ಕೊಡಿ. ಮುಳ್ಳು ಸಮೇತ ಅಗಿಯುವ ಕೊಲ್ಲತರುವಿನಂಥ ಸಣ್ಣ ಮೀನಿನಲ್ಲಿ ಕ್ಯಾಲ್ಸಿಯಂ ಕೂಡ ಉಂಟು. ಸಸ್ಯಾಹಾರಿಗಳಿಗೆ ಹೆಸರು, ಹುರುಳಿ, ಮೊಸರು. ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ 350ರ ಹತ್ತಿರ ಸಿಗುತ್ತದೆ. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ತಡಮಾಡುತ್ತದೆ. ನಿಂತಲ್ಲಿಂದ ಬಿದ್ದೇ ಮುರಿದಿದ್ದರೆ ಎಲುಬು ಸವೆದಿರಬಹುದು. ಅದರ ಪರೀಕ್ಷೆ, ಚಿಕಿತ್ಸೆ ಬೇಕೇ ಎಂದು ಕೇಳಿ.

ಗಂಟು ನೋವಿನವರಿಗೆ ಸ್ವಲ್ಪ

ಮಂಡಿ ಸವೆತಕ್ಕೆ ಎಣ್ಣೆಗಿಂತ ತೊಡೆಯ ಸ್ನಾಯು ಮುಖ್ಯ. ಕುರ್ಚಿಯಲ್ಲಿ ಕೂತು ಕಾಲು ನೆಟ್ಟಗೆ ಚಾಚಿ ಐದು ಸೆಕೆಂಡ್ ಹಿಡಿಯಿರಿ, ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಊರುಗೋಲು ನೋವಿಲ್ಲದ ಬದಿಯ ಕೈಯಲ್ಲಿರಲಿ. ಹೆಚ್ಚಿನವರು ಉಲ್ಟಾ ಹಿಡಿಯುತ್ತಾರೆ.

ಬೆಳಿಗ್ಗೆ ಎದ್ದಾಗ ಬೆರಳುಗಳು ಒಂದು ಗಂಟೆಯಾದರೂ ಸಡಿಲವಾಗದಿದ್ದರೆ, ಎರಡೂ ಕೈಯ ಸಣ್ಣ ಕೀಲುಗಳು ಬಾತರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ತಿಂದರೆ ಬಾಯಿ ಹುಣ್ಣಾಗಿ, ರಕ್ತದ ಕಣ ಕುಸಿದು ಜೀವಕ್ಕೇ ಬರುತ್ತದೆ. ಓದಲು ಬಾರದ ಹಿರಿಯರ ಕೈಗೆ ಆ ಸ್ಟ್ರಿಪ್ ಕೊಡಲೇಬೇಡಿ. ಕ್ಯಾಲೆಂಡರಿನಲ್ಲಿ ಆ ಒಂದು ದಿನಕ್ಕೆ ಗುರುತು ಹಾಕಿ, ನೀವೇ ತೆಗೆದು ಕೊಡಿ.

ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ, ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಅದು ಗೌಟ್ ಎಂಬ ಸಂಧಿವಾತ ಇರಬಹುದು. ಬಿಸಿ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಿ. ಬಿಯರ್ ನಿಲ್ಲಿಸಿ. ಮಳೆಗಾಲದ ಜ್ವರದೊಂದಿಗೆ ಗಂಟುಗಳೆಲ್ಲ ಹಿಡಿದರೆ ಚಿಕುನ್‌ಗುನ್ಯಾ ಇರಬಹುದು. ಆದರೆ ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಡೈಕ್ಲೊಫಿನಾಕ್, ಬ್ರುಫೆನ್, ಆಸ್ಪಿರಿನ್ ಬೇಡ. ಒಂದೇ ಕೀಲು ಬಿಸಿಯಾಗಿ ಬಾತು, ಜ್ವರ ಬಂದು, ಅಲ್ಲಾಡಿಸಲೂ ಆಗದಿದ್ದರೆ ಒಳಗೆ ಕೀವಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ಲಾಸ್ಟರ್ ಬಿಚ್ಚುವ ದಿನ

ಗರಗಸದ ಸದ್ದಿಗೆ ಮಕ್ಕಳು ಮಾತ್ರ ಅಲ್ಲ, ಹೆಂಡತಿಯ ಕೈ ಹಿಡಿದು ಕೂರುವ ಗಂಡಸರೂ ಇದ್ದಾರೆ. ಅದರ ಬ್ಲೇಡ್ ತಿರುಗುವುದಿಲ್ಲ, ಅದುರುತ್ತದೆ ಅಷ್ಟೇ. ಗಟ್ಟಿ ಪ್ಲಾಸ್ಟರ್ ಕತ್ತರಿಸುತ್ತದೆ, ಮೆತ್ತಗಿನ ಚರ್ಮವನ್ನು ಸಾಮಾನ್ಯವಾಗಿ ಕುಯ್ಯುವುದಿಲ್ಲ. ಬಿಸಿ ಅನ್ನಿಸಿದರೆ ಹೇಳಿ, ನಿಲ್ಲಿಸುತ್ತಾರೆ. ಒಳಗಿನ ಕಾಲು ಸಪೂರವಾಗಿ, ಹೊಟ್ಟು ಹೊಟ್ಟಾಗಿ, ಬೇರೆ ಯಾರದ್ದೋ ಕಾಲಿನ ಹಾಗೆ ಕಾಣುತ್ತದೆ. ಆ ಹೊಟ್ಟನ್ನು ಉಜ್ಜಿ ಕೀಳಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒತ್ತಿ ಒರೆಸಿ, ಮೆಲ್ಲ ತೆಂಗಿನೆಣ್ಣೆ ಸವರಿ. ಹಿಡಿದ ಕೀಲನ್ನು ಬೇರೆಯವರು ಬಲವಂತವಾಗಿ ಬಗ್ಗಿಸಬಾರದು. ಅವರವರೇ ಆಡಿಸಬೇಕು, ಫಿಸಿಯೋಥೆರಪಿಯವರು ತೋರಿಸಿದಷ್ಟು. ಸಂಜೆ ಹೊತ್ತಿಗೆ ಪಾದ ಬಾತರೆ ಗಾಬರಿ ಬೇಡ. ಕಾಲು ಎತ್ತರಕ್ಕಿಟ್ಟು ಮಲಗಿದರೆ ಬೆಳಿಗ್ಗೆ ಇಳಿದಿರುತ್ತದೆ. ಕೆಲವು ವಾರ ಹೀಗೇ ಇರುತ್ತದೆ.